24ನೇ ವಯಸ್ಸಿಗೇ ಸುಕ್ಕಿನ ಕ್ರೀಮ್ ಶುರು ಮಾಡಬೇಕಾ? ಗೊತ್ತಿದ್ದವರು ಹೇಳಿ

ಮುಲುಂಡ್ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಊರು ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದೆಲ್ಲ ಮುಲುಂಡ್‌ನಲ್ಲಿ. ಐರೋಲಿಯಲ್ಲಿ ಕೆಲಸ. ಮನೆಯಿಂದ ಠಾಣೆ, ಅಲ್ಲಿಂದ ಟ್ರಾನ್ಸ್-ಹಾರ್ಬರ್ ಲೋಕಲ್, ಇಳಿದ ಮೇಲೆ ಬಿಸಿಲಲ್ಲಿ ಸ್ವಲ್ಪ ನಡಿಗೆ. ಆಫೀಸಲ್ಲಿ ನನ್ನ ಸೀಟು ದೊಡ್ಡ ಗಾಜಿನ ಗೋಡೆಯ ಪಕ್ಕಕ್ಕಿದೆ.

ನಮ್ಮ ಟೀಮಿನ ಹುಡುಗಿಯರೆಲ್ಲ ಆಂಟಿ-ಏಜಿಂಗ್ ಶುರು ಮಾಡಿದ್ದಾರೆ. 'ಇಪ್ಪತ್ತೈದು ದಾಟಿದ ಮೇಲೆ ಶುರು ಮಾಡಿದರೆ ಏನೂ ಪ್ರಯೋಜನ ಇಲ್ಲ, ಚರ್ಮವನ್ನು ಬಿಗಿಯಾಗಿಡೋ ಕಾಲಜನ್ ಆಗಲೇ ಕಮ್ಮಿಯಾಗಿರುತ್ತೆ' ಅಂತ ದಿನಾ ಊಟದ ಹೊತ್ತಿಗೆ ಇದೇ ಮಾತು. ಒಬ್ಬಳು ನನಗೂ ಒಂದು ಲಿಸ್ಟ್ ಬರೆದುಕೊಟ್ಟಿದ್ದಾಳೆ. ಬೆಳಿಗ್ಗೆ ವಿಟಮಿನ್ ಸಿ ಸೀರಮ್, ಸಂಜೆ ಗ್ಲೈಕಾಲಿಕ್ ಆಸಿಡ್, ರಾತ್ರಿ 1% ರೆಟಿನಾಲ್, ಕಣ್ಣಿನ ಕೆಳಗೆ ಬೇರೆ ಕ್ರೀಮ್, ಇದರ ಮೇಲೆ ಹಾಲಿಗೆ ಹಾಕಿ ಕುಡಿಯುವ ಕಾಲಜನ್ ಪುಡಿ. ಎಲ್ಲ ಕಾರ್ಟ್‌ಗೆ ಹಾಕಿ ನೋಡಿದೆ, 4,000 ರೂಪಾಯಿ ದಾಟುತ್ತಿದೆ. ಮನೆಗೂ ದುಡ್ಡು ಕೊಡಬೇಕು, ತಿಂಗಳಿಗೆ ನಾನು ಇದಕ್ಕೆ ಇಡಬಹುದಾದದ್ದು 600–700 ಅಷ್ಟೇ.

ನನ್ನ ಚರ್ಮ ಎಣ್ಣೆ ಎಣ್ಣೆ. ಗಲ್ಲದ ಮೇಲೆ ಹಳೆಯ ಮೊಡವೆ ಕಲೆಗಳಿವೆ. ಹುಬ್ಬು ಗಂಟಿಕ್ಕಿದಾಗ ಹಣೆಯಲ್ಲಿ ಗೆರೆ ಬೀಳುತ್ತದೆ, ಬಿಟ್ಟರೆ ಹೋಗುತ್ತದೆ. ಸುಕ್ಕಿಗಿಂತ ನನಗೆ ಹೆದರಿಕೆ ಬೇರೆ. ಅಮ್ಮನಿಗೆ ನಲವತ್ತರ ಹೊತ್ತಿಗೆ ಎರಡೂ ಕೆನ್ನೆ ಮೇಲೆ ಬಂಗು ಬಂತು. ಸಾಂತಾಕ್ರೂಜ್‌ನಲ್ಲಿ ಮೊನ್ನೆ ನಮ್ಮವರ ಮದುವೆಗೆ ಹೋದಾಗಲೂ ಫೋಟೋಗೆ ನಿಲ್ಲಲು ಒಪ್ಪಲಿಲ್ಲ. ನನಗೂ ಹಾಗೇ ಆಗುತ್ತಾ? ಈಗಿನಿಂದ ಏನಾದರೂ ಮಾಡಿದರೆ ತಪ್ಪಿಸಬಹುದಾ? ಆ ಲಿಸ್ಟಿನಲ್ಲಿ ಯಾವುದು ಬೇಕು, ಯಾವುದು ಬೇಡ? ಅಕ್ಕಂದಿರು ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

*

ಮೆಡಿಕಲ್ ಅಕ್ಕ, ಡೊಂಬಿವಲಿ:

ತಂಗಿ, ನಾನು ಫಾರ್ಮಸಿಸ್ಟ್. ಡೊಂಬಿವಲಿ ಈಸ್ಟ್‌ನಲ್ಲಿ ನಮ್ಮದು ಸಣ್ಣ ಮೆಡಿಕಲ್ ಅಂಗಡಿ, ನಾನೂ ಯಜಮಾನರೂ ಸೇರಿ ನಡೆಸುತ್ತೇವೆ. ನಿಮ್ಮ ವಯಸ್ಸಿನ ಹುಡುಗಿಯರು ಫೋನಿನಲ್ಲಿ ಫೋಟೋ ತೋರಿಸಿ ಇಂಥದ್ದೇ ಲಿಸ್ಟ್ ಕೇಳುತ್ತಾ ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಲಿಸ್ಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೇ ಇಲ್ಲ. ಸನ್‌ಸ್ಕ್ರೀನ್ ಎಲ್ಲಿ?

ಮುಖದ ಚರ್ಮ ಹಳೆಯದಾಗುವುದಕ್ಕೆ ದೊಡ್ಡ ಕಾರಣ ವಯಸ್ಸಲ್ಲ, ಬಿಸಿಲು. ನಂಬಿಕೆ ಬರಬೇಕಾದರೆ ನಿಮ್ಮ ಅಮ್ಮನ ತೋಳಿನ ಒಳಭಾಗ, ರವಿಕೆಯ ಒಳಗಿರುವ ಚರ್ಮ ನೋಡಿ. ಆಮೇಲೆ ಕೈಯ ಹಿಂಭಾಗ ನೋಡಿ. ಎರಡಕ್ಕೂ ಒಂದೇ ವಯಸ್ಸು, ಅಲ್ವಾ? 2012ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಟ್ರಕ್ ಡ್ರೈವರ್ ಫೋಟೋ ಬಂದಿತ್ತು. 28 ವರ್ಷ ಗಾಡಿ ಓಡಿಸಿದವರು. ಕಿಟಕಿ ಕಡೆಗಿದ್ದ ಎಡಗೆನ್ನೆ ಪೂರ್ತಿ ದಪ್ಪಗಾಗಿ, ಆಳವಾಗಿ ಸುಕ್ಕುಗಟ್ಟಿತ್ತು. ಬಲಗೆನ್ನೆ ಎಷ್ಟೋ ವಾಸಿ. ಮುಖ ಒಂದೇ, ಗಾಜಿನ ಪಕ್ಕದ ಭಾಗ ಮಾತ್ರ ಬೇಗ ಮುದಿಯಾಗಿತ್ತು.

ಗಾಜಿನ ಗೋಡೆ ಪಕ್ಕ ಕೂರುತ್ತೇನೆ ಎಂದಿರಲ್ಲ, ಅದಕ್ಕೇ ಇದನ್ನು ಹೇಳಿದೆ. ಬಿಸಿಲಿನ ಅಲ್ಟ್ರಾವೈಲೆಟ್‌ನಲ್ಲಿ, ಅಂದರೆ ಯುವಿಯಲ್ಲಿ, ನಮಗೆ ತಾಗುವುದು ಎರಡು ಬಗೆ. ಚರ್ಮ ಸುಡುವಂತೆ ಮಾಡುವುದು ಹೆಚ್ಚಾಗಿ ಯುವಿಬಿ, ಅದನ್ನು ಗಾಜು ಬಹುಪಾಲು ತಡೆಯುತ್ತದೆ. ಯುವಿಎ ಹಾಗಲ್ಲ. ಸಾಮಾನ್ಯ ಗಾಜಿನಲ್ಲಿ ಅದರ ಒಳ್ಳೇ ಪಾಲು ದಾಟಿ ಬರುತ್ತದೆ, ಚರ್ಮದ ಒಳಪದರದವರೆಗೂ ಹೋಗುತ್ತದೆ, ಅಲ್ಲಿರುವ ಕಾಲಜನ್ ಕೆಡಿಸುತ್ತದೆ. ಏಸಿಯಲ್ಲಿ ತಣ್ಣಗೆ ಕೂತಿರುವಾಗ ಏನೂ ಗೊತ್ತೇ ಆಗುವುದಿಲ್ಲ.

ಅದಕ್ಕೇ ಟ್ಯೂಬ್ ಮೇಲೆ ಎರಡು ಗುರುತು ನೋಡಬೇಕು. ಎಸ್‌ಪಿಎಫ್ ಯುವಿಬಿಯ ಲೆಕ್ಕ. 30 ಇದ್ದರೆ ಸುಮಾರು 97% ತಡೆಯುತ್ತದೆ, 50 ಇದ್ದರೆ ಸುಮಾರು 98%. ವ್ಯತ್ಯಾಸ ಅಷ್ಟೇ, 100 ಅಂತ ಬರೆದದ್ದಕ್ಕೆ ಜಾಸ್ತಿ ದುಡ್ಡು ಕೊಡುವುದು ಬೇಡ. ಪಿಎ ಎಂಬುದು ಯುವಿಎ ಲೆಕ್ಕ, ಜಪಾನಿನಿಂದ ಬಂದ ಪದ್ಧತಿ. ಪ್ಲಸ್ ಗುರುತು ಜಾಸ್ತಿ ಇದ್ದಷ್ಟೂ ಒಳ್ಳೆಯದು, ಮೂರಾದರೂ ಇರಲಿ, ನಾಲ್ಕಿದ್ದರೆ ಇನ್ನೂ ಒಳ್ಳೆಯದು. ಎಣ್ಣೆ ಚರ್ಮಕ್ಕೆ ಜೆಲ್ ಥರದ್ದು ತೆಗೆದುಕೊಳ್ಳಿ.

ಇನ್ನು ಎಷ್ಟು ಹಚ್ಚಬೇಕು? ಎಲ್ಲರೂ ಎಡವುವುದು ಇಲ್ಲೇ. ಪ್ರಯೋಗಶಾಲೆಯಲ್ಲಿ ಎಸ್‌ಪಿಎಫ್ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಜನ ಹಚ್ಚುವುದು ಅದರ ಅರ್ಧ, ಇಲ್ಲವೇ ಕಾಲು ಭಾಗ. ಆಗ ಟ್ಯೂಬ್ ಮೇಲಿನ 50 ನಿಮ್ಮ ಮುಖದ ಮೇಲೆ 50 ಆಗಿ ಉಳಿಯುವುದಿಲ್ಲ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆಯಿರಿ, ಮುಖಕ್ಕೂ ಕತ್ತಿಗೂ ಅಷ್ಟು ಬೇಕು. ಒಂದೇ ಸಲಕ್ಕೆ ಬಳಿದುಕೊಂಡರೆ ಬೆಳ್ಳಗೆ ಕಾಣುತ್ತದೆ, ಒಂದು ಬೆರಳಿನದು ಮೊದಲು ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು. ಕಿವಿ, ಕಿವಿಯ ಹಿಂದೆ, ಮೂಗಿನ ಪಕ್ಕದ ಸಂದಿ ಮರೆಯಬೇಡಿ. ಉಳಿದದ್ದನ್ನು ಕೈಯ ಹಿಂಭಾಗಕ್ಕೆ ಸವರಿ.

ಅಂಗಡಿಯಲ್ಲಿ ನಾನು ಮಾಡುವ ಒಂದು ಲೆಕ್ಕ ಇದೆ. ಎರಡು ಬೆರಳಿನಷ್ಟು ಎಂದರೆ ಸುಮಾರು 1 ಗ್ರಾಂ. 50 ಗ್ರಾಂ ಟ್ಯೂಬ್ ದಿನಕ್ಕೆ ಒಂದೇ ಸಲ ಹಚ್ಚಿದರೂ ಎರಡು ತಿಂಗಳೊಳಗೆ ಮುಗಿಯಬೇಕು. 'ಅಕ್ಕ, ನಾನು ದಿನಾ ಹಚ್ತೀನಿ, ಆದ್ರೂ ಕಪ್ಪಾಗಿದೀನಿ' ಅಂತ ಬರುವವರಿಗೆ ಟ್ಯೂಬ್ ಯಾವಾಗ ತೆಗೆದುಕೊಂಡದ್ದು ಎಂದು ಕೇಳುತ್ತೇನೆ. ದೀಪಾವಳಿಗೆ ತೆಗೆದುಕೊಂಡದ್ದು ಹೋಳಿಗೂ ಉಳಿದಿರುತ್ತದೆ. 300ರಿಂದ 500 ರೂಪಾಯಿಯ ಟ್ಯೂಬ್ ಧಾರಾಳವಾಗಿ ಹಚ್ಚುವುದು, 1,500 ರೂಪಾಯಿಯದನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಸಾವಿರ ಪಾಲು ಮೇಲು.

ಇದು ಬರೀ ಬಾಯಿಮಾತಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಂಬೋರ್ ಎಂಬ ಊರಿದೆ. ಅಲ್ಲಿ 1992ರಿಂದ ನಾಲ್ಕೂವರೆ ವರ್ಷ 55ರೊಳಗಿನ ಸುಮಾರು 900 ಜನರನ್ನು ಗಮನಿಸಿದರು. ಒಂದು ಗುಂಪಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಿ ಎಂದರು, ಇನ್ನೊಂದಕ್ಕೆ ನಿಮ್ಮಿಷ್ಟ ಎಂದರು. ಕೈಯ ಹಿಂಭಾಗದ ಚರ್ಮದ ಅಚ್ಚು ಸಿಲಿಕಾನ್‌ನಲ್ಲಿ ತೆಗೆದು ಗೆರೆಗಳನ್ನು ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ದಿನಾ ಹಚ್ಚಿದವರ ಚರ್ಮ ಮುಪ್ಪಾಗುವುದು 24% ಕಮ್ಮಿ ಇತ್ತು. ಅವರು ಹಚ್ಚಿದ್ದು ಎಸ್‌ಪಿಎಫ್ 15ರ ಆಸುಪಾಸಿನದು, ನೆನಪಿರಲಿ. ನಿಮ್ಮ ಲಿಸ್ಟಿನಲ್ಲಿರುವ ಸೀರಮ್‌ಗಳಲ್ಲಿ ಇಷ್ಟು ಜನರ ಮೇಲೆ ಇಷ್ಟು ವರ್ಷ ನೋಡಿ ತೋರಿಸಿದ್ದು ನನಗೆ ಕಂಡಿಲ್ಲ.

ಈಗ ಆ ಲಿಸ್ಟ್. ನಮ್ಮ ಬಣ್ಣದ ಚರ್ಮಕ್ಕೆ ಸುಕ್ಕು ತಡವಾಗಿ ಬರುತ್ತದೆ. ಮೊದಲು ಬರುವುದು ಬಂಗು, ಕಲೆ, ಅಲ್ಲಲ್ಲಿ ಕಪ್ಪಾಗುವುದು. ಬಿಳಿಯರ ದೇಶದಲ್ಲಿ ಬರೆದ ಲಿಸ್ಟ್ ಸುಕ್ಕಿಗೆ ಹೆದರಿ ಬರೆದದ್ದು. ನಮಗೆ ಚರ್ಮ ಉರಿದರೆ ಸಾಕು, ಆ ಜಾಗ ಕಪ್ಪಾಗುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ಮೊಡವೆ ಹೋದರೂ ಕಲೆ ನಿಂತಿದೆ ಎಂದಿರಲ್ಲ, ಅದೂ ಇದೇ ಗುಣ. ಗ್ಲೈಕಾಲಿಕ್ ಆಸಿಡ್ ಚರ್ಮದ ಮೇಲ್ಪದರ ಸುಲಿಯುವಂಥದ್ದು, ರೆಟಿನಾಲ್ ವಿಟಮಿನ್ ಎ ಜಾತಿಯದು, ಎರಡೂ ಉರಿ ತರುತ್ತವೆ. ಅಂಥ ಮುಖಕ್ಕೆ ಗ್ಲೈಕಾಲಿಕ್ ಆಸಿಡ್ ಮತ್ತು 1% ರೆಟಿನಾಲ್ ಒಂದೇ ವಾರ ಶುರು ಮಾಡಿದರೆ ಯಾವುದನ್ನು ತಪ್ಪಿಸಬೇಕು ಅಂತಿದ್ದೀರೋ ಅದನ್ನೇ ಕರೆದು ತಂದ ಹಾಗಾಗುತ್ತದೆ. ನನ್ನ ಚಿಂತೆ ಇದೇ, ಇಷ್ಟುದ್ದ ಬರೆಯುತ್ತಿರುವುದೂ ಇದಕ್ಕೇ.

24ಕ್ಕೆ ನಿಮಗೆ ಬೇಕಾದದ್ದು: ನೊರೆ ಜಾಸ್ತಿ ಬಾರದ ಒಂದು ಫೇಸ್‌ವಾಶ್, ಒಂದು ಹಗುರ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮುಗಿಯಿತು. ಮೂರು ತಿಂಗಳು ಇಷ್ಟನ್ನೇ ಬಿಡದೆ ಮಾಡಿ. ಆಮೇಲೂ ಕೈಯಲ್ಲಿ ದುಡ್ಡು ಉಳಿದರೆ 5% ನಿಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಸೀರಮ್ ಒಂದು ಸೇರಿಸಬಹುದು. ಎಣ್ಣೆ ಚರ್ಮಕ್ಕೆ, ಕಲೆಗೆ ಒಳ್ಳೆಯದು, ಉರಿಯುವುದು ಕಮ್ಮಿ. ವಿಟಮಿನ್ ಸಿ ಕೆಟ್ಟದ್ದಲ್ಲ, ಆದರೆ ಗಾಳಿ, ಬೆಳಕು, ಸೆಕೆ ಮೂರಕ್ಕೂ ಬೇಗ ಕೆಡುತ್ತದೆ. ನಮ್ಮ ಮೇ ತಿಂಗಳಲ್ಲಿ ಬಾತ್‌ರೂಮ್ ಶೆಲ್ಫಿನಲ್ಲಿಟ್ಟರೆ ಬಾಟಲಿ ಮುಗಿಯುವ ಮೊದಲೇ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಣ್ಣಿನ ಕ್ರೀಮ್ ಬೇಡ, ಅದೇ ಮಾಯಿಶ್ಚರೈಸರ್ ಸಾಕು.

ಕಾಲಜನ್ ಪುಡಿಯೂ ಬೇಡ. ಕುಡಿದದ್ದು ಹೊಟ್ಟೆಯಲ್ಲಿ ಜೀರ್ಣವಾಗಿ ತುಂಡು ತುಂಡಾಗುತ್ತದೆ, ನೆಟ್ಟಗೆ ಕೆನ್ನೆಗೆ ಹೋಗಿ ಕೂರುವುದಿಲ್ಲ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಇದೂ ಗೊತ್ತಿರಲಿ, ಕಾಲಜನ್ ತೆಗೆಯುವುದು ಮೀನು ಇಲ್ಲವೇ ದನದ ಚರ್ಮ, ಮೂಳೆಯಿಂದ. ಇಪ್ಪತ್ತರ ವಯಸ್ಸಿನಿಂದ ವರ್ಷಕ್ಕೆ ಸುಮಾರು 1% ಕಾಲಜನ್ ಕಮ್ಮಿಯಾಗುತ್ತದೆ ಎನ್ನುವ ಮಾತು ಸರಿ. ಆದರೆ ಅದು ನಿಧಾನವಾಗಿ ಆಗುವಂಥದ್ದು, 25ನೇ ಹುಟ್ಟುಹಬ್ಬದ ದಿನ ಬಾಗಿಲು ಮುಚ್ಚುವುದಿಲ್ಲ. ಹಣೆಯ ಗೆರೆ ಹುಬ್ಬು ಬಿಟ್ಟಾಗ ಹೋಗುತ್ತದೆ ಎಂದರೆ ಅದು ಸುಕ್ಕೇ ಅಲ್ಲ.

ಕೊನೆಗೆ ಒಂದು ಮಾತು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯಾರಾದರೂ 'ಗ್ಲೋ ಬರುತ್ತೆ' ಅಂತ ಸಣ್ಣ ಟ್ಯೂಬ್ ಕೊಟ್ಟರೆ ಹಿಂದೆ ತಿರುಗಿಸಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಈ ಹೆಸರಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರಗಳಲ್ಲಿ ಮುಖ ಫಳಫಳ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪು ನರ ಕಾಣಿಸಿ, ಮೊಡವೆ, ಕೂದಲು ಎಲ್ಲ ಶುರುವಾಗುತ್ತದೆ. ಬಿಡಲು ಹೋದರೆ ಉರಿ ತಡೆಯಲಾಗದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಇಂಥ ಸ್ಟೀರಾಯ್ಡ್ ಕ್ರೀಮ್‌ಗಳು ಸರ್ಕಾರದ ಷೆಡ್ಯೂಲ್ ಎಚ್ ಪಟ್ಟಿಯಲ್ಲಿವೆ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಕೇಳಿಕೊಂಡು ಬರುತ್ತಾರೆ. ಕೊಡುವುದಿಲ್ಲ ಎಂದರೆ ಸಿಟ್ಟು ಮಾಡಿಕೊಂಡು ಹೋಗುತ್ತಾರೆ, ಹೋಗಲಿ. ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಮಾರುವ ಹೆಸರು ವಿಳಾಸ ಇಲ್ಲದ ಬಿಳುಪಿನ ಕ್ರೀಮಂತೂ ಮುಟ್ಟಲೇಬೇಡಿ. ಅಂಥವುಗಳಲ್ಲಿ ಪಾದರಸ ಇರುವುದುಂಟು, ಅದು ಕಿಡ್ನಿಯನ್ನೇ ಕೆಡಿಸುತ್ತದೆ.

*

ಕೊಥ್ರೂಡ್ ಸ್ಕೂಟರ್:

ಅಕ್ಕ ಹೇಳಿದ್ದು ಪೂರ್ತಿ ಒಪ್ಪಿದೆ. ನಾನು ಪುಣೆಯಿಂದ. ಮೂಲ ಧಾರವಾಡ, ಈಗ 31. ಕೊಥ್ರೂಡ್‌ನಿಂದ ಹಿಂಜೇವಾಡಿಗೆ ದಿನಾ ಸ್ಕೂಟರ್.

ಇಲ್ಲಿ ಸ್ಕಾರ್ಫ್ ಕಟ್ಟದೆ ಹುಡುಗಿಯರು ಗಾಡಿ ತೆಗೆಯುವುದೇ ಇಲ್ಲ. ಕಣ್ಣು ಬಿಟ್ಟು ಮುಖವೆಲ್ಲ ಸುತ್ತಿ, ಮೇಲೆ ಸನ್‌ಕೋಟ್, ಆಮೇಲೆ ಹೆಲ್ಮೆಟ್. ಹೊರಗಿನಿಂದ ಬಂದವರಿಗೆ ವಿಚಿತ್ರ ಅನ್ನಿಸಬಹುದು, ನನಗಂತೂ ಇದು ಬಹಳ ಒಳ್ಳೆಯ ರೂಢಿ. ಆದರೆ ಬಟ್ಟೆ ಯಾವುದು ಎನ್ನುವುದು ಮುಖ್ಯ. ತೆಳ್ಳಗಿನ ಬಿಳಿ ಕಾಟನ್ ಓಢಣಿಯಲ್ಲಿ ಬಿಸಿಲು ಸಾಕಷ್ಟು ಒಳಗೆ ಬರುತ್ತದೆ. ಕಿಟಕಿಗೆ ಹಿಡಿದು ನೋಡಿ, ಆಚೆ ಕಡೆಯದ್ದೆಲ್ಲ ಕಾಣಿಸಿದರೆ ಅದು ಧೂಳಿಗೆ ಮಾತ್ರ. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಒಳ್ಳೆಯದು. ಕಟ್ಟಿ ಬಿಚ್ಚುವಾಗ ಮೂಗು ಮತ್ತು ಕೆನ್ನೆ ಮೇಲಿನ ಸನ್‌ಸ್ಕ್ರೀನ್ ಅದರ ಜೊತೆಗೇ ಹೋಗುತ್ತದೆ, ಆಫೀಸಿಗೆ ಹೋಗಿ ಅಲ್ಲಿಗಷ್ಟು ಮತ್ತೆ ಹಚ್ಚಬೇಕು. ದಿನಾ ಒಗೆಯಿರಿ. ಬೆವರು ಹಿಡಿದ ಸ್ಕಾರ್ಫನ್ನೇ ಮರುದಿನ ಕಟ್ಟಿದರೆ ಗಲ್ಲದ ಸುತ್ತ ಮೊಡವೆ ಏಳುತ್ತದೆ.

ರೆಟಿನಾಲ್ ಬಗ್ಗೆ ಎರಡು ಮಾತು. ಅದು ಸುಳ್ಳು ಔಷಧಿಯಲ್ಲ. ಅದೇ ಜಾತಿಯ ಟ್ರೆಟಿನಾಯಿನ್ ಅಮೆರಿಕದಲ್ಲಿ 1971ರಲ್ಲೇ ಮೊಡವೆಗೆ ಅನುಮತಿ ಪಡೆದದ್ದು. ಹಚ್ಚುತ್ತಿದ್ದ ಹೆಂಗಸರ ಗೆರೆಗಳು ನಯವಾಗುವುದು ಕಂಡು ಡಾಕ್ಟರ್ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಜೊತೆಯವರು 1986ರಲ್ಲಿ ಅದನ್ನು ಬರೆದರು. ಬಿಸಿಲಿಗೆ ಹಾಳಾದ ಚರ್ಮಕ್ಕೆ ಇವತ್ತಿಗೂ ಇದಕ್ಕಿಂತ ಗಟ್ಟಿ ಆಧಾರ ಇರುವ ಕ್ರೀಮ್ ಸಿಗುವುದು ಕಷ್ಟ. ನನಗೆ ಸ್ಕಿನ್ ಡಾಕ್ಟರ್ ಮೊಡವೆ ಕಲೆಗೆ 0.025% ಟ್ರೆಟಿನಾಯಿನ್ ಕೊಟ್ಟರು. ಶುರುವಿಗೆ ವಾರಕ್ಕೆ ಎರಡೇ ರಾತ್ರಿ, ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ಮೊದಲು ಮಾಯಿಶ್ಚರೈಸರ್ ಆಮೇಲೆ ಅದು. ಹಾಗಿದ್ದೂ ಬಾಯಿಯ ಎರಡೂ ಮೂಲೆಯಲ್ಲಿ, ಮೂಗಿನ ಪಕ್ಕ ಸಿಪ್ಪೆ ಎದ್ದಿತ್ತು. ವ್ಯತ್ಯಾಸ ಕಾಣಲು ಮೂರು ತಿಂಗಳ ಮೇಲೆ ಹಿಡಿಯಿತು. ಮುಲುಂಡ್ ತಂಗಿ, ನಿಮ್ಮ ಗೆಳತಿ ಬರೆದ 1% ರೆಟಿನಾಲ್‌ನಿಂದ ಶುರು ಮಾಡಬೇಡಿ.

ಇನ್ನೊಂದು ವಿಷಯ ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ, ಯಾರೂ ಓದುವುದಿಲ್ಲ. ಬಸುರಿಯರು, ಮಗು ಬೇಕೆಂದು ಯೋಚಿಸುತ್ತಿರುವವರು ಈ ಜಾತಿಯ ಯಾವುದನ್ನೂ ಹಚ್ಚಬಾರದು. ನಮ್ಮ ಮನೆಯಲ್ಲಿ ಆ ಮಾತು ಬಂದಾಗ ಡಾಕ್ಟರನ್ನು ಕೇಳಿ ಮೊದಲೇ ನಿಲ್ಲಿಸಿದೆ. ಮತ್ತೆ, ಹಚ್ಚುವ ದಿನಗಳಲ್ಲಿ ಮೇಲ್ದುಟಿಗೆ ವ್ಯಾಕ್ಸ್ ಮಾಡಿಸಬೇಡಿ. ಕೂದಲಿನ ಜೊತೆ ಚರ್ಮವೂ ಎದ್ದು ಬರುತ್ತದೆ, ಆ ಜಾಗ ಕಪ್ಪು ಪಟ್ಟಿಯಾಗಿ ಉಳಿಯುತ್ತದೆ. ನನ್ನ ಪಾರ್ಲರ್‌ನ ಹುಡುಗಿ ಈಗ ಎಲ್ಲರಿಗೂ ಮೊದಲೇ ಕೇಳುತ್ತಾಳೆ, 'ರಾತ್ರಿ ಏನಾದ್ರೂ ಹಚ್ತೀರಾ' ಅಂತ. ಕೇಳದ ಪಾರ್ಲರ್‌ನಲ್ಲಿ ನೀವೇ ಹೇಳಿ.

*

ಮಾಟುಂಗಾ ಅಮ್ಮ:

ಮಕ್ಕಳೇ, ನನಗೆ 68. ನಾವು ಮದುವೆಯಾಗಿ ಮಾಟುಂಗಾಕ್ಕೆ ಬಂದಾಗ ಇದ್ಯಾವ ಹೆಸರೂ ಕೇಳಿರಲಿಲ್ಲ. ವಾರಕ್ಕೊಮ್ಮೆ ಎಣ್ಣೆಸ್ನಾನ, ಕಡಲೆಹಿಟ್ಟಿಗೆ ಹಾಲಿನ ಕೆನೆ, ಚಿಟಿಕೆ ಅರಿಶಿನ, ನಿಂಬೆಹಣ್ಣು ಹಿಂಡಿ ಮುಖಕ್ಕೆ. ನನ್ನ ಮುಖ ನೋಡಿದವರು ಈಗಲೂ ವಯಸ್ಸು ಕಮ್ಮಿ ಹೇಳುತ್ತಾರೆ. ಈ ಹುಡುಗಿ ಅಷ್ಟೊಂದು ದುಡ್ಡು ಹಾಕುವ ಬದಲು ಅಡುಗೆಮನೆಯಲ್ಲಿ ಇರುವುದನ್ನೇ ಹಚ್ಚಿದರೆ ಆಗುವುದಿಲ್ಲವೇ? ಕೊಬ್ಬರಿ ಎಣ್ಣೆ ಇದ್ದರೆ ಬಿಸಿಲೂ ತಾಗುವುದಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

*

ಮೆಡಿಕಲ್ ಅಕ್ಕ, ಡೊಂಬಿವಲಿ:

ಅಮ್ಮ, ಕಡಲೆಹಿಟ್ಟು ಕೆನೆ ಎರಡೂ ಚೆನ್ನ. ತಿಕ್ಕಿ ತಿಕ್ಕಿ ತೊಳೆಯದಿದ್ದರೆ ಯಾವ ತೊಂದರೆಯೂ ಇಲ್ಲ. ಸೋಪಿಗಿಂತ ಎಷ್ಟೋ ಮೃದು. ಒಣಗಿದ ಕೈಕಾಲಿಗೆ ಕೊಬ್ಬರಿ ಎಣ್ಣೆ ನಾನೂ ಹಚ್ಚುತ್ತೇನೆ. ನಮ್ಮ ಕಾರ್ಕಳದ ಮನೆಯಲ್ಲಿ ಇಂದಿಗೂ ಬಾಟಲಿ ಖಾಲಿಯಾಗುವುದಿಲ್ಲ.

ಎರಡು ಕಡೆ ಮಾತ್ರ ನನ್ನ ಮಾತು ಬೇರೆ. ನಿಂಬೆರಸ ಬಹಳ ಹುಳಿ, ಪಿಎಚ್ ಎರಡರ ಹತ್ತಿರ. ಮುಖ ಉರಿಯುತ್ತದೆ. ನಿಂಬೆ ಜಾತಿಯ ಹಣ್ಣಿನ ರಸ ಚರ್ಮದ ಮೇಲೆ ಇರುವಾಗಲೇ ಬಿಸಿಲಿಗೆ ಹೋದರೆ ಸುಟ್ಟಂತೆ ಗುಳ್ಳೆ ಏಳುವುದುಂಟು, ಆಮೇಲೆ ಕಪ್ಪು ಕಲೆ. ಈ ಹುಡುಗಿಗೆ ಮೊದಲೇ ಕಲೆ ನಿಲ್ಲುವ ಚರ್ಮ. ಕೊಬ್ಬರಿ ಎಣ್ಣೆ ಬಿಸಿಲು ತಡೆಯುವುದು ತೀರಾ ಕಮ್ಮಿ, ಅದನ್ನು ನಂಬಿ ಹೊರಗೆ ಹೋಗುವ ಹಾಗಿಲ್ಲ. ಎಣ್ಣೆ ಮುಖದವರಿಗೆ ರಂಧ್ರ ಕಟ್ಟಿ ಮೊಡವೆ ಜಾಸ್ತಿ ಆಗುತ್ತದೆ.

ನಿಮ್ಮ ಮುಖ ಚೆನ್ನಾಗಿ ಉಳಿದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು ಅಮ್ಮ. ನೀವು ಹೊರಗೆ ಹೋಗುತ್ತಿದ್ದದ್ದು ಬೆಳಿಗ್ಗೆ ಹೂವು ತರಕಾರಿಗೆ, ಮತ್ತೆ ಸಂಜೆ, ತಲೆ ಮೇಲೆ ಸೆರಗು ಹೊದ್ದು. ಬಿಸಿಲು ಜೋರಾಗಿರುವ ಹೊತ್ತಿನಲ್ಲಿ ಮನೆಯೊಳಗಿರುತ್ತಿದ್ದಿರಿ. ಇವಳು ಹಾಗಲ್ಲ, ದಿನಾ ಹೊರಗೆ ಓಡಾಡಬೇಕು. ಏಪ್ರಿಲ್, ಮೇನಲ್ಲಿ ನಡುಮಧ್ಯಾಹ್ನ ಮುಂಬೈಯಲ್ಲಿ ಯುವಿ ಇಂಡೆಕ್ಸ್, ಅಂದರೆ ಯುವಿ ಎಷ್ಟು ಜೋರಾಗಿದೆ ಎನ್ನುವ ಅಳತೆ, 11 ಮುಟ್ಟುತ್ತದೆ. 3 ಆದರೇ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫೋನಿನ ಹವಾಮಾನದ ಆ್ಯಪ್‌ನಲ್ಲಿ ಈ ಸಂಖ್ಯೆ ಸಿಗುತ್ತದೆ, ತಂಗಿ, ಒಂದು ವಾರ ನೋಡುತ್ತಾ ಬನ್ನಿ. ಚಳಿಗಾಲದಲ್ಲೂ ಮಧ್ಯಾಹ್ನ 3 ದಾಟಿಯೇ ಇರುತ್ತದೆ. ತೆಳು ಮೋಡ ಇದ್ದರೆ ಬಿಸಿ ಕಮ್ಮಿ ಅನ್ನಿಸಿದರೂ ಯುವಿ ಹೆಚ್ಚಿನ ಪಾಲು ದಾಟಿ ಬರುತ್ತದೆ. ಮಳೆಗಾಲಕ್ಕೆ ಟ್ಯೂಬ್ ಕಪಾಟಿಗೆ ಸೇರಿಸುವವರೇ ನಮ್ಮಲ್ಲಿ ಜಾಸ್ತಿ.

*

ವಾಸ್ಕೊ ಬಂದರು:

ಗಂಡಸರೂ ಓದುತ್ತಿದ್ದೇವೆ. ಗೋವಾದಲ್ಲಿ ವಾಸ್ಕೊ ನಮ್ಮದು, ಕೆಲಸ ಹಗಲಿಡೀ ಬಯಲಲ್ಲಿ. 22 ವರ್ಷದ ತಮ್ಮನೂ ಇದೇ ಕೆಲಸಕ್ಕೆ ಬಂದಿದ್ದಾನೆ, ಅವನಿಗೆ ಈ ಥ್ರೆಡ್ ಕಳಿಸಿದೆ.

ನನ್ನದೊಂದು ಸೇರಿಕೆ. ಬೆವರುವವರು ವಾಟರ್ ರೆಸಿಸ್ಟೆಂಟ್ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ಪಕ್ಕದಲ್ಲಿ 40 ನಿಮಿಷ ಅಥವಾ 80 ನಿಮಿಷ ಎಂದಿರುತ್ತದೆ. ನೀರಲ್ಲಿ, ಬೆವರಲ್ಲಿ ಅಷ್ಟು ಹೊತ್ತು ನಿಲ್ಲುತ್ತದೆ ಎಂದು ಅರ್ಥ, ಆಮೇಲೆ ಮತ್ತೆ ಹಚ್ಚಬೇಕು. ರಜೆಗೆ ಗೋವಾಕ್ಕೆ ಬರುವವರು ಛತ್ರಿ ಕೆಳಗೆ ಕೂತಿದ್ದೇವೆ ಅಂತ ಬಿಟ್ಟುಬಿಡುತ್ತಾರೆ. ಒಣ ಮರಳು ಸುಮಾರು 15% ಯುವಿಯನ್ನು ಮೇಲಕ್ಕೆ ಎಸೆಯುತ್ತದೆ, ಸಮುದ್ರದ ನೊರೆ 25%. ಗಲ್ಲದ ಕೆಳಗೂ ಹಚ್ಚಿ. ಅಗಲ ಅಂಚಿನ ಟೊಪ್ಪಿ ಹಾಕಿ, ಕ್ರಿಕೆಟ್ ಟೊಪ್ಪಿಯಲ್ಲಿ ಕಿವಿಯೂ ಕತ್ತೂ ಬಿಸಿಲಿಗೇ ಇರುತ್ತವೆ. ಬೀಡಿ ಸಿಗರೇಟು ಬಿಡದೆ ಕ್ರೀಮ್ ಹಚ್ಚಿದರೆ ಪ್ರಯೋಜನ ಕಮ್ಮಿ ಎಂದು ತಮ್ಮನಿಗೂ ಹೇಳಿದ್ದೇನೆ. ಹೊಗೆಯೂ ಕಾಲಜನ್ ಕೆಡಿಸುತ್ತದೆ.

*

ಮುಲುಂಡ್ ಹುಡುಗಿ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಕಾರ್ಟ್ ಖಾಲಿ ಮಾಡಿದೆ. ಒಂದು ಸನ್‌ಸ್ಕ್ರೀನ್ ಜೆಲ್ ತೆಗೆದುಕೊಂಡೆ, ಎಸ್‌ಪಿಎಫ್ 50, ಪಿಎ++++, 399 ರೂಪಾಯಿ. ಎರಡು ಬೆರಳಿನಷ್ಟು ಹಾಕಿದಾಗ ಮೊದಲು ಜಾಸ್ತಿ ಆಯ್ತೇನೋ ಅನ್ನಿಸಿತು, ಎರಡು ಸಲ ಬಿಟ್ಟು ಬಿಟ್ಟು ಹಚ್ಚಿದ ಮೇಲೆ ಕೂತುಕೊಂಡಿತು. ಅಮ್ಮನೂ ಪಕ್ಕದಲ್ಲಿ ಕೂತು ಇಡೀ ಥ್ರೆಡ್ ಓದಿಸಿಕೊಂಡರು.

ಎರಡು ಪ್ರಶ್ನೆ ಉಳಿದಿದೆ ಅಕ್ಕ. ಆಫೀಸಲ್ಲಿ ಮಧ್ಯಾಹ್ನ ಮತ್ತೆ ಹಚ್ಚಬೇಕಾ? ಮತ್ತೆ ಅಮ್ಮನಿಗೆ ಈಗ 51, ಬಂಗು ಬಂದು ಹತ್ತು ವರ್ಷದ ಮೇಲಾಯಿತು. ಅವರಿಗೆ ಸನ್‌ಸ್ಕ್ರೀನ್‌ನಿಂದ ಏನಾದರೂ ಉಪಯೋಗ ಇದೆಯಾ, ಇಲ್ಲ ತಡವಾಯಿತಾ? ಅವರು ಏನೋ ಒಂದು ಟ್ಯೂಬ್ ಹಚ್ಚುತ್ತಾರೆ, ಪಕ್ಕದ ಮನೆಯವರು ಹೇಳಿದ್ದು. ಹಚ್ಚಿದಾಗ ಕಮ್ಮಿಯಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.

*

ಮೆಡಿಕಲ್ ಅಕ್ಕ, ಡೊಂಬಿವಲಿ:

ಗಾಜಿನ ಪಕ್ಕ ಕೂತೇ ಇರುತ್ತೀರಿ ಎಂದರೆ ಮಧ್ಯಾಹ್ನ ಊಟ ಆದ ಮೇಲೆ ಒಂದು ಸಲ ಹಚ್ಚಿ. ಟಿಶ್ಯೂನಿಂದ ಎಣ್ಣೆ ಒತ್ತಿ ತೆಗೆದು, ಮೇಲಿನಿಂದಲೇ ಹಚ್ಚಿದರೆ ಸಾಕು, ತೊಳೆಯಲೇಬೇಕೆಂದಿಲ್ಲ. ಪರದೆ ಇಳಿಸಲು ಆಗುವುದಾದರೆ ಇಳಿಸಿಬಿಡಿ, ಅದಕ್ಕೆ ಖರ್ಚೇ ಇಲ್ಲ. ಹೊರಡುವ ಹೊತ್ತಿಗೆ ಸೂರ್ಯ ಇಳಿದಿದ್ದರೆ ಮತ್ತೆ ಹಚ್ಚುವುದು ಬೇಡ.

ಅಮ್ಮನಿಗೆ ಖಂಡಿತ ಉಪಯೋಗ ಇದೆ. 51 ಏನೂ ತಡವಲ್ಲ. ಬಂಗು ಇದ್ದವರಿಗೆ ಯುವಿ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಹೆಚ್ಚಿಸುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಚರ್ಮದ ಬಣ್ಣವೇ ಇರುವ ಟಿಂಟೆಡ್ ಎನ್ನುವ ಬಗೆ ಸಿಗುತ್ತದೆ, ಒಳಗಿನ ಪದಾರ್ಥಗಳ ಪಟ್ಟಿಯಲ್ಲಿ ಐರನ್ ಆಕ್ಸೈಡ್ ಇದೆಯಾ ನೋಡಿ. ಅವರಿಗೆ ಅದನ್ನು ಕೊಡಿಸಿ.

ಆದರೆ 'ಹಚ್ಚಿದರೆ ಕಮ್ಮಿ, ಬಿಟ್ಟರೆ ಮತ್ತೆ' ಎಂದದ್ದು ಓದಿ ನನಗೆ ಸಮಾಧಾನ ಇಲ್ಲ. ಬಂಗಿಗೆ ಕೊಡುವ ಒಂದು ಬಗೆಯ ಟ್ಯೂಬಿನಲ್ಲಿ ಕಪ್ಪು ತಿಳಿಯಾಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಕೂಡಿರುತ್ತವೆ. ಡಾಕ್ಟರು ಅದನ್ನು ಕೆಲವು ವಾರಗಳಿಗಷ್ಟೇ ಬರೆಯುತ್ತಾರೆ. ಜನ ವರ್ಷಗಟ್ಟಲೆ ಹಚ್ಚುತ್ತಾರೆ. ಇವತ್ತೇ ಆ ಟ್ಯೂಬಿನ ಹಿಂದೆ ಏನು ಬರೆದಿದೆ ಓದಿ ನನಗೆ ಹೇಳಿ. ಸ್ಟೀರಾಯ್ಡ್ ಇದ್ದರೆ ಒಂದೇ ಏಟಿಗೆ ನಿಲ್ಲಿಸಬೇಡಿ, ಮುಖ ಕೆಂಪಾಗಿ ಉರಿ ಹತ್ತುತ್ತದೆ. ಸ್ಕಿನ್ ಡಾಕ್ಟರ್ ನಿಧಾನವಾಗಿ ಬಿಡಿಸುತ್ತಾರೆ. ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ಸಯನ್ ಆಸ್ಪತ್ರೆಯಲ್ಲೂ ಕೆಇಎಂನಲ್ಲೂ ಚರ್ಮದ ವಿಭಾಗ ಇದೆ. ಮುಲುಂಡ್‌ನಿಂದ ಸಯನ್‌ಗೆ ಸ್ಲೋ ಲೋಕಲ್ ನೇರ ಹೋಗುತ್ತದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಅಮ್ಮ ಈವರೆಗೆ ಹಚ್ಚಿದ ಟ್ಯೂಬ್, ಡಬ್ಬಿ, ಖಾಲಿಯಾದದ್ದು ಸಹ, ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.